ಹೊರಗೆ ಬೆಚ್ಚಗಿದ್ದ ಹಾಲಿನ ಬಾಟ್ಲಿ

ಬಾಯಿ ಸುಡುವಷ್ಟು ಬಿಸಿ ಹಾಲು ತುಂಬಿದ ಬಾಟ್ಲಿಯನ್ನು ಎಂಟು ತಿಂಗಳ ಕೂಸೊಂದಕ್ಕೆ ನಾನೇ ನನ್ನ ಕೈಯಾರೆ ಕೊಟ್ಟು ಕಳಿಸಿದ್ದೇನೆ. ಬೇಕೆಂದು ಮಾಡಿದ್ದಲ್ಲ, ಬೇಜವಾಬ್ದಾರಿಯಿಂದ ಮಾಡಿದ್ದೂ ಅಲ್ಲ. ಅಚ್ಚುಕಟ್ಟಾಗಿ, ದೇವರ ಹೆಸರು ಹೇಳಿಕೊಂಡು, ಇಷ್ಟು ವರ್ಷದ ಅಭ್ಯಾಸದಂತೆ ಮುಟ್ಟಿ ನೋಡಿಯೇ ಕೊಟ್ಟೆ. ಆ ಕೂಸಿಗೆ ಏನಾಯಿತು ಎಂದು ಹೇಳುವ ಮೊದಲು, ನಾನು ಅಲ್ಲಿಗೆ ಹೇಗೆ ಬಂದೆ ಎಂದು ಹೇಳಬೇಕು. ಇಲ್ಲದಿದ್ದರೆ ಹೊಸದಾಗಿ ಅಡುಗೆಮನೆಗೆ ಸೇರುವ ಹೆಣ್ಣುಮಕ್ಕಳು, ಈ ಸಾವಿತ್ರಮ್ಮ ದಡ್ಡಿ, ನಾವು ಹಾಗೆ ಮಾಡುವುದಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ.

ನಾನು ಮನೆಯ ಹೆಂಗಸು. ನಮ್ಮ ಮಾವನವರ ಕಾಲಕ್ಕೆ ಹಾಸನದ ಕಡೆಯಿಂದ ಕುಶಾಲನಗರದ ಪಕ್ಕಕ್ಕೆ ಬಂದು ನೆಲೆಸಿದ ಕುಟುಂಬ ನಮ್ಮದು. ಗದ್ದೆಯಲ್ಲಿ ಭತ್ತ, ಮೇಲಿನ ಹೊಲದಲ್ಲಿ ಶುಂಠಿ. ಮಕ್ಕಳು ದೊಡ್ಡವರಾದ ಮೇಲೆ ಮಡಿಕೇರಿ ರಸ್ತೆಯ ಬದಿಯ ಒಂದು ಹೋಟೆಲಿನ ಅಡುಗೆಮನೆಗೆ ಕೆಲಸಕ್ಕೆ ಸೇರಿದೆ. ಹದಿನಾಲ್ಕು ವರ್ಷ ಮಾಡಿದೆ. ಮಂಡಿ ನೋವಿಗೆ ನಿಲ್ಲಲಾಗದೆ ಬಿಟ್ಟೆ. ಈಗ ಅಲ್ಲಿ ನನ್ನ ಜಾಗದಲ್ಲಿರುವವಳು ದಮಯಂತಿ. ಭಾಗಮಂಡಲದ ಕಡೆಯ ಅರೆಭಾಷೆ ಗೌಡರ ಮನೆಯ ಹುಡುಗಿ, ಸೇರುವಾಗ ಹುಡುಗಿ, ಈಗ ಅವಳ ಮಗಳೇ ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಫೋನು ಮಾಡಿ, "ಅಕ್ಕಾ, ಹೊಸಬ್ರಿಗೆ ನಾನು ಹೇಳಿದ್ರೆ ಹೂಂ ಅಂತಾರೆ, ಕಣ್ಣು ಮೊಬೈಲಲ್ಲೇ ಇರುತ್ತೆ. ನೀವು ಬರೆದು ಕೊಡಿ, ಗೋಡೆಗಾದ್ರೂ ಅಂಟಿಸ್ತೀನಿ," ಎಂದಳು. ಗೋಡೆಗೆ ಅಂಟಿಸುವಷ್ಟು ಚಿಕ್ಕದಾಗಿ ಬರೆಯಲು ನನಗೆ ಬರುವುದಿಲ್ಲ.

ನಾನು ಸೇರಿದ ಮೂರನೇ ವರ್ಷ ಅಡುಗೆಮನೆಗೆ ಓವನ್ ಬಂತು. ಬೇಕರಿಯ ಓವನ್ ಅಲ್ಲ, ಬಟನ್ ಒತ್ತಿದರೆ ಒಳಗೆ ಬೆಂಕಿಯಿಲ್ಲದೆ ಬಿಸಿಯಾಗುವ ಮೈಕ್ರೋವೇವ್. ಅದು ನಮ್ಮ ಮಾಲಕಿ ಪೂವಮ್ಮ ಮೇಡಂ ಅವರ ಮನೆಯಲ್ಲಿದ್ದ ಹಳೆಯದು. ಬಸ್ಸಿನ ಜನ ಒಟ್ಟಿಗೇ ಇಳಿದಾಗ ಅಕ್ಕಿತರಿಯ ಉಂಡೆ ಕಡಂಬುಟ್ಟು, ಶಾವಿಗೆಯಂಥ ನೂಪುಟ್ಟು ಬೇಗ ಬಿಸಿ ಮಾಡಿ ಕೊಡಲೆಂದು ತಂದಿಟ್ಟರು.

ಮೊದಲ ವಾರ ನಾನು ಅದರ ಹತ್ತಿರ ಹೋಗಲಿಲ್ಲ. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅಗ್ನಿಗೆ ಕೈ ಮುಗಿಯುವುದು ನನ್ನ ಪದ್ಧತಿ. ಗ್ಯಾಸಿನ ಒಲೆಗೂ ಮುಗಿಯುತ್ತಿದ್ದೆ. ಇದರಲ್ಲಿ ಅಗ್ನಿಯೇ ಇಲ್ಲವಲ್ಲ, ಯಾರಿಗೆ ಮುಗಿಯಲಿ? ಕೊನೆಗೆ ಅದರ ಬಾಗಿಲಿನ ಮೂಲೆಗೆ ಒಂದು ಚಿಟಿಕೆ ಕುಂಕುಮ ಇಟ್ಟು ಕೆಲಸ ಶುರು ಮಾಡಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆಯುಧಪೂಜೆಯ ದಿನ ಗ್ರೈಂಡರಿಗೆ, ಒಲೆಗೆ, ಈಳಿಗೆಮಣೆಗೆ ಹಾಕಿದಂತೆ ಅದಕ್ಕೂ ಚೆಂಡುಹೂವಿನ ದಪ್ಪ ಹಾರ ಹಾಕಿ, ಹಿಂದೆ ಬಿಗಿಯಾಗಿ ಕಟ್ಟಿದೆ. ವಿಭೂತಿಯನ್ನೂ ಎಳೆದೆ. ಮಧ್ಯಾಹ್ನ ಜನ ತುಂಬಿದಾಗ ಓವನ್ ಒಂದು ಸಲ ಗುರ್ ಎಂದು ಆಮೇಲೆ ಸುಮ್ಮನಾಯಿತು. ಸುಟ್ಟ ವಾಸನೆ ಬೇರೆ. ಹಬ್ಬದ ದಿನ ಪೂಜೆ ಮಾಡಿದ್ದಕ್ಕೇ ಹೀಗಾಯಿತೇ ಎಂದುಕೊಂಡೆ.

ರಿಪೇರಿಯವರು ಬಂದು ಹಿಂಬದಿಯ ಜಾಲರಿಯಿಂದ ಹಿಡಿ ತುಂಬ ಹೂವಿನ ಎಸಳು ಎಳೆದು ತೆಗೆದರು. ಮೇಡಂ ನನ್ನನ್ನು ಕರೆದರು.

"ಸಾವಿತ್ರಮ್ಮ, ಪೂಜೆ ಮಾಡಬೇಡ ಅಂತ ಹೇಳೋದಿಲ್ಲ ನಾನು. ಆದ್ರೆ ಅದಕ್ಕೆ ಉಸಿರಾಡೋ ಜಾಗ ಹಿಂದೆ ಉಂಟು. ನಿನ್ನ ಮೂಗಿಗೆ ಯಾರಾದ್ರೂ ಹಾರ ತುರುಕಿದ್ರೆ ನೀನು ಏನ್ ಮಾಡ್ತೀಯ?"

ಅಂದಿನಿಂದ ಗೋಡೆಗೂ ಓವನ್ನಿಗೂ ನಡುವೆ ಒಂದು ಗೇಣು ಜಾಗ ಬಿಡುತ್ತಿದ್ದೆ. ಅದರ ತಲೆಯ ಮೇಲೆ ತಟ್ಟೆ, ಟವೆಲ್ಲು ಏನನ್ನೂ ಇಡಲು ಬಿಡುತ್ತಿರಲಿಲ್ಲ. ಗಾಳಿ ಹೋಗುವ ಜಾಲರಿಯ ಜಿಡ್ಡನ್ನು ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಒರೆಸುತ್ತಿದ್ದೆ. ಹಾರದ ಬದಲು ಒಂದೇ ಒಂದು ಹೂವು, ಅದೂ ಮೇಜಿನ ಮೇಲೆ.

ಬೆಚ್ಚಿಬಿದ್ದ ಇನ್ನೊಂದು ದಿನ ಶುಕ್ರವಾರ. ಶುಕ್ರವಾರ ಅಡುಗೆಮನೆ ತೊಳೆಯುವುದು ನಮ್ಮಲ್ಲಿ ನಡೆದುಬಂದದ್ದು. ಕಟ್ಟೆ, ಒಲೆ, ಗೋಡೆ ಎಲ್ಲಕ್ಕೂ ತಂಬಿಗೆಯಲ್ಲಿ ನೀರು ಎರಚಿ ಉಜ್ಜುವುದು. ಆ ಲಹರಿಯಲ್ಲಿ ಓವನ್ನಿನ ಮೇಲೂ ಒಂದು ತಂಬಿಗೆ ಎರಚಿಬಿಟ್ಟೆ, ಪ್ಲಗ್ ಹಾಕಿದ್ದಂತೆಯೇ. ಚಟ್ ಎಂದು ಇಡೀ ಹೋಟೆಲಿನ ಕರೆಂಟು ಹೋಯಿತು. ನೀರು ನನ್ನ ಕಾಲ ಬಳಿಗೆ ಹರಿದು ಬರುತ್ತಿತ್ತು. ದಮಯಂತಿ ಮೂಲೆಯಿಂದ ಕಿರುಚಿದಳು: "ಅಕ್ಕಾ, ನಿಂತಲ್ಲೇ ನಿಲ್ಲಿ! ಮುಟ್ಬೇಡಿ!" ಫ್ಯೂಸು ಹಾರಿದ್ದರಿಂದ ಉಳಿದೆ. ಅದನ್ನು ನಾನು ನನ್ನ ಲೆಕ್ಕದಲ್ಲಿ ಒಂದು ದಯೆ ಎಂದು ಇಟ್ಟುಕೊಂಡಿದ್ದೇನೆ. ಆಮೇಲೆ ಕಲಿತ ರೀತಿ ಇಷ್ಟೇ: ಒಂದು ಬಟ್ಟಲು ನೀರಿಗೆ ಎರಡು ಹೋಳು ನಿಂಬೆ ಹಾಕಿ ಓವನ್ನಿನಲ್ಲಿ ಎರಡು ನಿಮಿಷ ಇಡಿ, ನಿಂತ ಮೇಲೂ ಬಾಗಿಲು ತೆಗೆಯದೆ ಐದು ನಿಮಿಷ ಬಿಡಿ. ಹಬೆಗೆ ಒಳಗಿನ ಜಿಡ್ಡೆಲ್ಲ ಮೆತ್ತಗಾಗುತ್ತದೆ. ಆಮೇಲೆ ಪ್ಲಗ್ ಕಿತ್ತು, ಹಿಂಡಿದ ಬಟ್ಟೆಯಲ್ಲಿ ಒರೆಸಿ. ಬಾಗಿಲು ಮುಚ್ಚುವ ಅಂಚಿನಲ್ಲಿ ಒಂದು ಅನ್ನದ ಅಗುಳೂ ಇರಬಾರದು. ತೆರೆದ ಬಾಗಿಲ ಮೇಲೆ ಪಾತ್ರೆ ಊರಬಾರದು. ಬಾಗಿಲು ಸ್ವಲ್ಪ ಜಗ್ಗಿದರೂ ಓವನ್ ಮುಟ್ಟಬೇಡಿ, ರಿಪೇರಿಯವರನ್ನು ಕರೆಯಿರಿ. ಬಿಸಿ ಮಾಡುವ ಆ ಶಕ್ತಿಯನ್ನು ಒಳಗೇ ಹಿಡಿದಿಡುವುದು ಆ ಬಾಗಿಲೊಂದೇ.

ಸ್ಟೀಲ್ ಮುಚ್ಚಳ ಹಾಗೆಯೇ ಒಳಗಿಟ್ಟು ಕಿಡಿ ಹಾರಿಸಿದ್ದು, ಮೇಡಂ ಮನೆಯ ಚಿನ್ನದ ಗೆರೆಯ ಬಸಿ ಇಟ್ಟು ಗೆರೆ ಕಪ್ಪಗೆ ಮಾಡಿದ್ದು, ಇವನ್ನೆಲ್ಲ ಎಲ್ಲರೂ ಮಾಡುತ್ತಾರೆ. ದಮಯಂತಿ ಮೊಟ್ಟೆಸಾರಿನ ಬಟ್ಟಲನ್ನು ಇಡೀ ಮೊಟ್ಟೆಯೊಂದಿಗೆ ಇಟ್ಟಳು. ಹೊರಗೆ ತೆಗೆದು ಚಮಚ ತಾಗಿಸಿದ್ದೇ ತಡ, ಢಬ್ ಎಂದು ಮೊಟ್ಟೆ ಸಿಡಿದು ಅವಳ ಹಣೆ, ಹುಬ್ಬು, ಹಿಂದಿನ ಕ್ಯಾಲೆಂಡರಿನ ಲಕ್ಷ್ಮಿ ಎಲ್ಲಕ್ಕೂ ಹಳದಿ. ಕಣ್ಣಿಗೆ ಒಂದಿಂಚು ಮೇಲೆ ಬೊಬ್ಬೆ ಬಂತು.

"ಅಯ್ಯೋ, ಎಂಥ ಆತ್ ಅಕ್ಕಾ ಇದ್?" ಎಂದು ಅವಳು ತನ್ನ ಮನೆಮಾತಿನಲ್ಲೇ ಅಳುತ್ತಿದ್ದಳು. ನಾನು ಅವಳ ಮುಖಕ್ಕೆ ತಣ್ಣೀರು ಹಾಕುತ್ತ, ಕಣ್ಣು ಉಳಿಯಿತಲ್ಲ ತಾಯೀ ಎಂದು ಲಕ್ಷ್ಮಿಗೇ ಹೇಳಿದೆ. ಅಂದೇ ನನಗೊಂದು ಸಂಗತಿ ಹೊಳೆಯಬೇಕಿತ್ತು. ಈ ಯಂತ್ರದಲ್ಲಿ ಕಾಣುವ ಹೊರಮೈ ಒಂದು ಹೇಳುತ್ತದೆ, ಒಳಗಿನದು ಇನ್ನೊಂದು. ಆದರೆ ಹೊಳೆಯಲಿಲ್ಲ. ಮೊಟ್ಟೆಯನ್ನು ಕತ್ತರಿಸಿ ಇಡಬೇಕು ಎಂದಷ್ಟೇ ಕಲಿತೆ.

ಏಕೆ ಹೊಳೆಯಲಿಲ್ಲ ಎಂದರೆ ನನ್ನ ಕೈಯ ಮೇಲೆ ನನಗೆ ಅಷ್ಟು ನಂಬಿಕೆ. ನಮ್ಮ ಅತ್ತೆ ಅಡುಗೆ ಮಾಡುವಾಗ ಒಂದು ಹನಿಯನ್ನೂ ನಾಲಿಗೆಗೆ ಹಾಕಿದವರಲ್ಲ. ದೇವರಿಗೆ ತೋರಿಸುವ ಮೊದಲು ರುಚಿ ನೋಡಿದರೆ ಎಂಜಲು. ಉಪ್ಪನ್ನು ವಾಸನೆಯಲ್ಲಿ ಹೇಳುತ್ತಿದ್ದರು. ಬಿಸಿಯನ್ನು ಪಾತ್ರೆಯ ಹೊಟ್ಟೆಗೆ ಕೈಯ ಹಿಂಭಾಗ ತಾಗಿಸಿ ಹೇಳುತ್ತಿದ್ದರು. ನಾನೂ ಹಾಗೆಯೇ ಕಲಿತೆ, ಹೋಟೆಲಿನಲ್ಲೂ ಹಾಗೆಯೇ ನಡೆದೆ. ದಮಯಂತಿ ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದರೆ ಅವಳನ್ನು ಬೈದು ಕೈ ತೊಳೆಸುತ್ತಿದ್ದೆ. "ನಿಮ್ಮ ಅತ್ತೆ ಇನ್ನೂ ಇಲ್ಲೇ ನಿಂತಿದ್ದಾರೆ ಅಕ್ಕ, ಒಂದು ಸ್ಟೂಲು ಹಾಕಿ ಅವ್ರಿಗೆ," ಎಂದು ಅವಳು ಚುಡಾಯಿಸುತ್ತಿದ್ದಳು.

ರಸ್ತೆಬದಿಯ ಹೋಟೆಲಿಗೆ ಕೂಸುಗಳನ್ನು ಎತ್ತಿಕೊಂಡ ತಾಯಂದಿರು ದಿನಾ ಬರುತ್ತಾರೆ. ಹಾಲು ಬಿಸಿ ಮಾಡಿಕೊಡಿ ಎಂದು ಬಾಟ್ಲಿ ಚಾಚುತ್ತಾರೆ. ಬೇರೆಯವರ ಕೈಗೆ ನಾನು ಬಿಡುತ್ತಿರಲಿಲ್ಲ. ಕೂಸಿನ ಹಾಲು ನೈವೇದ್ಯವಿದ್ದಂತೆ, ಶುದ್ಧವಾಗಿ ಮಾಡಬೇಕು ಎಂದು ನನ್ನ ಮನಸ್ಸು. ಕೈ ತೊಳೆದು, ರಬ್ಬರ್ ಇರುವ ಮುಚ್ಚಳ ಬಿಚ್ಚಿ ಬೇರೆ ಇಟ್ಟು, ಬಾಟ್ಲಿಯನ್ನು ಒಳಗಿಟ್ಟು ಮೂರು ಒತ್ತುತ್ತಿದ್ದೆ. ಮೂರು ಒತ್ತಿದರೆ ಮೂವತ್ತು ಸೆಕೆಂಡು. ಹೊರಗೆ ತೆಗೆದು, ಬಾಟ್ಲಿಯ ಹೊಟ್ಟೆಗೆ ಕೈಯ ಹಿಂಭಾಗ ತಾಗಿಸಿ, ಬೆಚ್ಚಗಿದ್ದರೆ ಮುಚ್ಚಳ ಹಾಕಿ ಕೊಡುತ್ತಿದ್ದೆ. ಒಳಗಿನ ಹಾಲಿನ ಒಂದು ಹನಿಯನ್ನೂ ನಾನು ಮುಟ್ಟಿದವಳಲ್ಲ. ಅದೇ ನನ್ನ ಹೆಮ್ಮೆ.

ನಾನು ಸೇರಿದ ಒಂಬತ್ತನೇ ವರ್ಷಕ್ಕೆ ಆ ಹಳೆಯ ಓವನ್ ಪೂರ್ತಿ ಕೈಕೊಟ್ಟಿತು. ಮೇಡಂ ಹೋಟೆಲುಗಳಿಗೆಂದೇ ಮಾಡುವ ದೊಡ್ಡದನ್ನು ತರಿಸಿದರು. ಒಳಗೂ ಹೊರಗೂ ಸ್ಟೀಲು, ತಿರುಗುವ ತಟ್ಟೆ ಇಲ್ಲ, ಭಾರ ಎಂದರೆ ಇಬ್ಬರು ಎತ್ತಬೇಕು. ಕೂರಿಸಲು ಬಂದವರು ಮೇಡಂಗೆ ಇಂಗ್ಲಿಷಿನಲ್ಲಿ ಏನೇನೋ ಹೇಳಿ, ಪುಸ್ತಕ ಕೊಟ್ಟು ಹೋದರು. ನನಗೆ ಸಂತೋಷವಾಗಿದ್ದು ಏನೆಂದರೆ, ಅದರಲ್ಲೂ ಅದೇ ಸಂಖ್ಯೆಗಳು. ಮೂರು ಒತ್ತಿದರೆ ಮೂವತ್ತು ಸೆಕೆಂಡು. ಹೊಸದಾಗಿ ಕಲಿಯುವುದು ತಪ್ಪಿತು ಎಂದು ಮೇಜಿನ ಮೇಲೆ ಒಂದು ದಾಸವಾಳ ಇಟ್ಟೆ.

ಅದಾಗಿ ಎರಡನೇ ದಿನ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತು. ಮಡಿಕೇರಿ ಕಡೆಯಿಂದ ಊರಿಗೆ ವಾಪಸು ಹೊರಟಿದ್ದ ಒಂದು ಕುಟುಂಬ ಇಳಿಯಿತು. ಗಂಡ, ಹೆಂಡತಿ, ಗಂಡನ ತಾಯಿ, ಕಂಕುಳಲ್ಲಿ ಎಂಟು ತಿಂಗಳ ಹೆಣ್ಣುಕೂಸು. ಸೊಸೆ ಅಡುಗೆಮನೆಯ ಬಾಗಿಲಿಗೇ ಬಂದಳು. ಕಣ್ಣಲ್ಲಿ ನಿದ್ದೆ ಇಲ್ಲದ ಕಳೆ.

"ಆಂಟಿ, ಇದನ್ನ ಸ್ವಲ್ಪ ಬೆಚ್ಚಗೆ ಮಾಡ್ಕೊಡ್ತೀರಾ? ಐಸ್ ಡಬ್ಬೀಲಿ ಇಟ್ಟಿದ್ವಿ, ತುಂಬ ತಣ್ಣಗಿದೆ. ಕಾರಲ್ಲಿ ಕುಡಿಸ್ತೀನಿ."

"ಕೊಡವ್ವ. ಕೂಸಿಗೆ ಏನ್ ಹೆಸ್ರು?"

"ಇನ್ನೂ ಚಿನ್ನಿ ಅಂತಾನೇ ಕರೀತೀವಿ. ನಮ್ಮತ್ತೆದು ಒಂದು, ನಂದು ಒಂದು. ಜಗಳ ಮುಗಿದಿಲ್ಲ."

ಇಬ್ಬರೂ ನಕ್ಕೆವು. ಎರಡು ಪದರದ ದಪ್ಪ ಪ್ಲಾಸ್ಟಿಕ್ ಬಾಟ್ಲಿ ಅದು. ನಾನು ಕೈ ತೊಳೆದೆ, ಮುಚ್ಚಳ ಬಿಚ್ಚಿದೆ, ಮೂರು ಒತ್ತಿದೆ. ಪಕ್ಕದಲ್ಲೇ ದಮಯಂತಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಿದ್ದಳು. ಯಾವ ಹಬೆ ಯಾವುದರದ್ದು ಎಂದು ಯಾರಿಗೆ ಗೊತ್ತು? ಬಾಟ್ಲಿಯ ಹೊಟ್ಟೆಗೆ ಕೈ ತಾಗಿಸಿದೆ. ಹದವಾಗಿ ಬೆಚ್ಚಗಿತ್ತು. ಮುಚ್ಚಳ ಹಾಕಿ ಕೊಟ್ಟೆ. ಅವಳೂ ಹೊರಗಿನಿಂದ ಮುಟ್ಟಿ ನೋಡಿ, "ಸರಿಯಾಗಿದೆ ಆಂಟಿ," ಎಂದು ಅದನ್ನು ಬಟ್ಟೆಯ ಚೀಲದಲ್ಲಿ ಸುತ್ತಿ ಇಟ್ಟುಕೊಂಡಳು. ಕೂಸು ನನ್ನ ಬಳೆ ಹಿಡಿದು ಎಳೆಯಿತು. ಅವರು ಹೋದರು.

ಅವರ ಹಿಂದೆಯೇ ಯಾರೋ ಬೆಲ್ಲದ ಕರಿಕಾಫಿ ಕೇಳಿದರು. ಒಲೆಗಳೆಲ್ಲ ತುಂಬಿದ್ದರಿಂದ ಒಂದು ದಪ್ಪ ಪಿಂಗಾಣಿ ಕಪ್ಪಿನಲ್ಲಿ ನೀರು ಹಾಕಿ, ಓವನ್ನಿನಲ್ಲಿಟ್ಟು ಮತ್ತೆ ಮೂರು ಒತ್ತಿದೆ. ತೆಗೆದೆ. ಕಪ್ಪಿನ ಹೊಟ್ಟೆ ಬರೀ ಉಗುರುಬೆಚ್ಚಗೆ. ನೀರು ಒಂದಿಷ್ಟೂ ಅಲುಗಾಡದೆ ಕೊಳದಂತೆ ನಿಂತಿತ್ತು. ಬಿಸಿ ಸಾಲದು ಎಂದುಕೊಂಡೇ ಬೆಲ್ಲದ ಪುಡಿ ಒಂದು ಚಮಚ ಹಾಕಿದೆ. ನೀರು ಬುಸ್ ಎಂದು ಎದ್ದು ನಿಂತಿತು! ಇಡೀ ಕಪ್ಪು ಒಮ್ಮೆಲೇ ಕುದಿದು ಉಕ್ಕಿ ನನ್ನ ಮುಂಗೈ, ಮಣಿಕಟ್ಟಿನ ಮೇಲೆ ಚೆಲ್ಲಿತು. ಕಪ್ಪು ಕೈಯಿಂದ ಜಾರಿ ಒಡೆಯಿತು.

"ಅಕ್ಕಾ! ನಲ್ಲಿ ಕೆಳಗೆ ಹಿಡೀರಿ ಕೈ!" ದಮಯಂತಿ ನನ್ನ ತೋಳು ಹಿಡಿದೆಳೆದಳು.

ನಲ್ಲಿಯ ಕೆಳಗೆ ಕೈ ಇತ್ತು, ಉರಿ ಇತ್ತು, ಆದರೆ ನನ್ನ ತಲೆಯಲ್ಲಿ ಒಂದೇ ಮಾತು. ಅದೇ ಮೂರು. ಅದೇ ಮೂವತ್ತು ಸೆಕೆಂಡು. ಮುಟ್ಟಿದರೆ ಬರೀ ಬೆಚ್ಚಗೆ. ಹಾಗಾದರೆ ಬಾಟ್ಲಿಯ ಒಳಗೆ?

"ಕೂಸು," ಎಂದೆ. ದಮಯಂತಿಗೆ ಅರ್ಥವಾಗಲಿಲ್ಲ. "ಕೂಸಿನ ಬಾಟ್ಲಿ ಕಣೇ!" ಎಂದು ಕೂಗಿ ಹೊರಗೆ ಓಡಿದೆ. ಚಪ್ಪಲಿ ಇಲ್ಲ, ಸೆರಗು ಒದ್ದೆ.

ಕಾರು ಇರಲಿಲ್ಲ.

ಗಾಡಿ ನಿಲ್ಲಿಸುವ ಜಾಗ ನೋಡಿಕೊಳ್ಳುವ ಬಶೀರ್ ಸೀಟಿ ಬಾಯಲ್ಲಿಟ್ಟುಕೊಂಡು ನಿಂತಿದ್ದ. ನೆಲ್ಯಹುದಿಕೇರಿಯವನು, ನನ್ನನ್ನು ಅಕ್ಕ ಎಂದೇ ಕರೆಯುವವನು.

"ಬಶೀರ್, ಕೂಸು ಇದ್ದ ಕಾರು ಎಲ್ಲೋಯ್ತು?"

"ಬಿಳಿ ಕಾರಾ? ಮೇಲೆ ಕೆಂಪು ಬ್ಯಾಗ್ ಕಟ್ಟಿದ್ದು? ಈಗ ಹೋಯ್ತಲ್ಲ ಅಕ್ಕ, ಐದು ನಿಮಿಷ. ಹಾರಂಗಿ ಡ್ಯಾಮಿಗೆ ದಾರಿ ಕೇಳಿದ್ರು. ಏನು, ಏನಾದ್ರೂ ಬಿಟ್ಟು ಹೋದ್ರಾ?"

"ನಾನು ಕೊಟ್ಟ ಹಾಲು ಕುದೀತಿದೆ ಕಣೋ! ಕೂಸು ಕುಡಿದ್ರೆ ಬಾಯೆಲ್ಲ ಬೆಂದೋಗುತ್ತೆ!"

ಅವನ ಕೈಯಿಂದ ಸೀಟಿ ಕೆಳಗೆ ಬಿತ್ತು. ಹೋಟೆಲಿನಲ್ಲಿ ಫೋನ್ ನಂಬರು ಬರೆಸಿಕೊಳ್ಳುವ ಪದ್ಧತಿ ಇಲ್ಲ, ಊಟ ಮಾಡಿ ಹೋಗುವವರನ್ನು ಯಾರು ಬರೆಸಿಕೊಳ್ಳುತ್ತಾರೆ? ಬಶೀರ್ ಮೊಬೈಲು ತೆಗೆದ. ಹಾರಂಗಿ ರಸ್ತೆಗೆ ತಿರುಗುವಲ್ಲಿ ಅವನ ಭಾವನ ಎಳನೀರು ಗಾಡಿ ಇದೆ. ಮಲಯಾಳದಲ್ಲಿ ಗಡಿಬಿಡಿಯಿಂದ ಹೇಳಿದ. ನನಗೆ ತಿಳಿದದ್ದು ಬಿಳಿ ಕಾರು, ಕೆಂಪು ಬ್ಯಾಗು, ಹಾಲು, ಅಷ್ಟೇ. ಫೋನು ಜೇಬಿಗೆ ಹಾಕಿ ಸ್ಕೂಟರು ಒದ್ದ.

"ಹತ್ತಿ ಅಕ್ಕ."

ಬೇರೆ ಗಂಡಸಿನ ಗಾಡಿಯ ಹಿಂದೆ ನಾನು ಜನ್ಮದಲ್ಲಿ ಕೂತವಳಲ್ಲ. ಅಂದು ಅದು ಮನಸ್ಸಿಗೂ ಬರಲಿಲ್ಲ. ಹಿಂದೆ ಕೂತು ಅವನ ಅಂಗಿ ಹಿಡಿದುಕೊಂಡೆ. ತಾಯಿ ಕಾವೇರಮ್ಮ, ಆ ಕೂಸಿಗೆ ಹಸಿವಾಗದಿರಲಿ. ಹತ್ತು ನಿಮಿಷ ನಿದ್ದೆ ಹತ್ತಲಿ. ಬೇರೇನೂ ಕೇಳಲಿಲ್ಲ. ಊರೊಳಗೆ ಸಂತೆಯ ದಿನದ ಗಾಡಿಗಳು ಗಿಜಿಗುಟ್ಟುತ್ತಿದ್ದವು. ದಿನಾ ಶಾಪ ಹಾಕುವ ಆ ಟ್ರಾಫಿಕ್ಕಿಗೆ ಅಂದು ಮಾತ್ರ ಕೈ ಮುಗಿದೆ. ನಾವು ಸಂದಿಯಲ್ಲಿ ನುಗ್ಗಬಹುದು, ಕಾರು ನುಗ್ಗಲಾರದು.

ತಿರುವಿನಲ್ಲಿ ಬಿಳಿ ಕಾರು ನಿಂತಿತ್ತು. ಎಳನೀರಿನವನು ಕಾರಿನ ಮುಂದೆ ಎರಡೂ ಕೈ ಚಾಚಿ ಅಡ್ಡ ನಿಂತಿದ್ದ. ಒಂದು ಕೈಯಲ್ಲಿ ಎಳನೀರು ಕೊಚ್ಚುವ ಕತ್ತಿ. ಅದನ್ನು ಕೆಳಗಿಡಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಕೂಸಿನ ಅಪ್ಪ ಗಾಜು ಪೂರ್ತಿ ಏರಿಸಿಕೊಂಡು ಒಳಗಿನಿಂದ ಕಿರುಚುತ್ತಿದ್ದ. ಹಿಂದಿನ ಸೀಟಿನಿಂದ ಕೂಸಿನ ಅಳು ಗಾಜಿನಾಚೆಗೂ ಕೇಳುತ್ತಿತ್ತು. ಆ ಅಳು ಕೇಳಿದ ಕೂಡಲೇ ನನಗೆ ಗೊತ್ತಾಯಿತು.

ಗಾಜು ಬಡಿದೆ. ಸೊಸೆ ನನ್ನ ಮುಖ ನೋಡಿ ಬಾಗಿಲು ತೆರೆದಳು. ಅವಳ ಕೈಯಲ್ಲಿ ಬಾಟ್ಲಿ, ಎರಡನೇ ಸಲ ಕೂಸಿನ ಬಾಯಿಗೆ ಹಿಡಿಯಲು ಎತ್ತಿದ್ದು.

"ಕೊಡ್ಬೇಡವ್ವ! ಹಾಲು ಸುಡ್ತಿದೆ!"

"ಇಲ್ವಲ್ಲ ಆಂಟಿ, ಬೆಚ್ಚಗಿದೆ. ಒಂದು ಗುಟುಕು ಎಳೀತು, ಉಗಿದುಬಿಡ್ತು, ಆಗಿಂದ ಅಳ್ತಾ ಇದೆ. ಹಲ್ಲು ಬರ್ತಿದೆ ಅದಕ್ಕೆ..."

ಬಾಟ್ಲಿ ಕಿತ್ತುಕೊಂಡು ಮುಚ್ಚಳ ಬಿಚ್ಚಿದೆ. ಹಬೆ ಎದ್ದು ಅವಳ ಮುಖದ ಮುಂದೆಯೇ ಹೋಯಿತು. ಅವಳು ಅದನ್ನು ನೋಡಿದಳು. ನಾನು ನನ್ನ ಆಯುಷ್ಯದಲ್ಲಿ ಒಬ್ಬ ತಾಯಿಯ ಮುಖವನ್ನು ಹಾಗೆ ನೋಡಿರಲಿಲ್ಲ, ಮತ್ತೆ ನೋಡುವುದೂ ಬೇಡ. ಕೂಸಿನ ಬಾಯಿ ಬಿಡಿಸಿದಳು. ಕೆಳತುಟಿಯ ಒಳಗೆ, ನಾಲಿಗೆಯ ತುದಿಯಲ್ಲಿ ಕೆಂಪಗೆ.

ಬಶೀರ್ ಮುಂದೆ ದಾರಿ ಬಿಡಿಸುತ್ತ ಹೋದ. ನಾನು ಕಾರಿನಲ್ಲಿ, ಅಜ್ಜಿಯ ಪಕ್ಕ, ಬಾಟ್ಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಊರಿನ ಡಾಕ್ಟರು ಟಾರ್ಚು ಬಿಟ್ಟು ಗಂಟಲವರೆಗೂ ನೋಡಿದರು. ತುಟಿ, ನಾಲಿಗೆಯ ತುದಿ ಮಾತ್ರ ಸುಟ್ಟಿದೆ, ಒಳಗೆ ಇಳಿದಿಲ್ಲ, ಕೂಸು ಉಗಿದದ್ದೇ ಒಳ್ಳೆಯದಾಯಿತು ಎಂದರು. ಉಸಿರಾಟ ನೋಡಲು ಮಧ್ಯಾಹ್ನದವರೆಗೆ ಅಲ್ಲೇ ಇರಲು ಹೇಳಿದರು. ನರ್ಸಮ್ಮ ತಣ್ಣೀರನ್ನು ಚಮಚದಲ್ಲಿ ತೊಟ್ಟು ತೊಟ್ಟಾಗಿ ಬಿಟ್ಟಾಗ ಕೂಸು ನುಂಗಿತು. ಅದು ನುಂಗುವುದನ್ನು ನಾನು ಎಣಿಸುತ್ತಿದ್ದೆ.

ಹೊರಗಿನ ಬೆಂಚಿನಲ್ಲಿ ಅಜ್ಜಿ ನನ್ನ ಕಡೆ ತಿರುಗಿದರು. ಮೈಸೂರಿನ ಕಡೆಯವರು, ನನ್ನದೇ ವಯಸ್ಸು.

"ಏನಮ್ಮಾ, ಹಣೇಲಿ ಕುಂಕುಮ, ಕತ್ತಲ್ಲಿ ತುಳಸಿಮಣಿ. ಒಂದು ತೊಟ್ಟು ಕೈ ಮೇಲೆ ಬಿಟ್ಕೊಂಡು ನೋಡೋಕೆ ನಿಮ್ಗೆ ಏನಾಗಿತ್ತು?"

"ಕೂಸಿನ ಹಾಲು ಎಂಜಲು ಆಗ್ಬಾರ್ದು ಅಂತ, ಒಳಗೆ ಮುಟ್ಟಿಲ್ಲಮ್ಮ."

"ಕೈ ಮೇಲೆ ಬಿದ್ದ ಹಾಲು ಯಾವ ಊರಲ್ಲಿ ಎಂಜಲು? ನಾಲಿಗೆಗೆ ಹಾಕ್ಕೊಂಡು ಮತ್ತೆ ಬಾಟ್ಲಿಗೆ ಉಗುಳಿ ಅಂದ್ನಾ ನಾನು?"

ಅತ್ತೆ ಹೇಳಿದ್ದು ನಾಲಿಗೆಯ ವಿಷಯ. ಅದನ್ನು ಕೈಗೂ ಹಿಗ್ಗಿಸಿದ್ದು ನಾನು, ನನ್ನ ಶುದ್ಧಿಯ ಹೆಮ್ಮೆಗೆ. ಹೆಮ್ಮೆ ನನ್ನದು, ತುಟಿ ಆ ಕೂಸಿನದು.

ಅಷ್ಟರಲ್ಲಿ ಪೂವಮ್ಮ ಮೇಡಂ ಬಂದರು. ಕೆಲಸ ಹೋಯಿತೆಂದೇ ತಿಳಿದು ಎದ್ದು ನಿಂತೆ. ಅವರು ನನ್ನನ್ನು ನೋಡಲೇ ಇಲ್ಲ. ಅಜ್ಜಿಯ ಮುಂದೆ ನಿಂತು, "ತಪ್ಪು ನಂದು. ಆ ಮೆಷಿನ್ ಹಳೇದಕ್ಕಿಂತ ಎರಡರಷ್ಟು ಜೋರು ಅಂತ, ಟೈಮು ಅರ್ಧ ಮಾಡಿ ಅಂತ ಕೂರಿಸಿದವರು ನನಗೆ ಹೇಳಿದ್ದಾರೆ. ನಾನು ಅಡುಗೆಮನೆಗೆ ಹೇಳೋದು ಮರ್ತುಬಿಟ್ಟೆ," ಎಂದರು. ಮೂವತ್ತು ಸೆಕೆಂಡು ಎಂಬುದು ಎಲ್ಲ ಯಂತ್ರದಲ್ಲೂ ಒಂದೇ ಅಲ್ಲ ಎಂದು ನನಗೆ ಗೊತ್ತಾದದ್ದು ಆ ಬೆಂಚಿನ ಬಳಿ ನಿಂತು. ಬಾಟ್ಲಿಯ ಗೋಡೆ ದಪ್ಪ, ಅದು ತಡವಾಗಿ ಬಿಸಿಯಾಗುತ್ತದೆ. ಹಾಲು ನೇರವಾಗಿ ಬಿಸಿಯಾಗುತ್ತದೆ, ಅದೂ ಎಲ್ಲ ಕಡೆ ಸಮವಾಗಿ ಅಲ್ಲ ಎಂದು ಡಾಕ್ಟರು ಹೇಳಿದರು. ಒಲೆಯ ಮೇಲೆ ಪಾತ್ರೆ ಮೊದಲು ಕಾಯುತ್ತದೆ, ಆಮೇಲೆ ಒಳಗಿನದು. ನಲವತ್ತು ವರ್ಷ ನನ್ನ ಕೈ ಕಲಿತದ್ದು ಅದು. ಈ ಯಂತ್ರದ ಮುಂದೆ ಅದೇ ತಿಳಿವಳಿಕೆ ತಲೆಕೆಳಗು.

ಮಧ್ಯಾಹ್ನ ಕೂಸು ತಣ್ಣಗಿನ ಹಾಲನ್ನು ಚಮಚದಲ್ಲಿ ಕುಡಿದು ಮಲಗಿತು. ಹೊರಡಬಹುದು ಎಂದರು ಡಾಕ್ಟರು. ಆ ದಯೆಯನ್ನು ನಾನು ಎಣಿಸಿದೆ: ಒಂದೇ ಗುಟುಕು, ಉಗಿದದ್ದು, ಎರಡನೆಯ ಸಲಕ್ಕೆ ಮೊದಲು ತಲುಪಿದ್ದು. ಕಾರಿನ ಬಳಿ ನಿಂತು ಸೊಸೆಗೆ ಕೈ ಮುಗಿದೆ.

"ಬಯ್ಯವ್ವ. ಒಂದು ಮಾತೂ ಬಯ್ದಿಲ್ಲ ನೀನು. ಬಯ್ದುಬಿಡು."

ಅವಳು ತಲೆ ಅಲ್ಲಾಡಿಸಿದಳು. ಬಹಳ ಹೊತ್ತಿನಿಂದ ಏನನ್ನೋ ಯೋಚಿಸುತ್ತಿದ್ದವಳಂತೆ ನಿಧಾನವಾಗಿ ಹೇಳಿದಳು:

"ಆಂಟಿ, ಈ ಮೂರು ದಿನದಲ್ಲಿ ನಾಲ್ಕು ಕಡೆ ಬಿಸಿ ಮಾಡಿಸಿದ್ದೀವಿ. ಎಲ್ರೂ ಹೊರಗಿಂದ ಮುಟ್ಟಿ ನೋಡಿಯೇ ಕೊಟ್ರು. ನಿನ್ನೆ ಒಂದು ಕಡೆ ಕುಡಿಯುವಾಗ್ಲೂ ಇದು ಹೀಗೇ ಅತ್ತಿತ್ತು. ಹಲ್ಲು ಅಂದ್ಕೊಂಡು ಬಾಯಿಗೆ ಒತ್ತಿ ಒತ್ತಿ ಕುಡಿಸಿದೆ ನಾನು. ಹಿಂದೆ ಓಡಿ ಬಂದಿದ್ದು ನೀವೊಬ್ರೇ."

ಕಾರು ಹೋಯಿತು. ನಾನು ಅಲ್ಲಿಯೇ ರಸ್ತೆಯ ಅಂಚಿನಲ್ಲಿ ಕೂತುಬಿಟ್ಟೆ. ಬಶೀರ್ ಬಂದು ಎಬ್ಬಿಸಿ, ಸ್ಕೂಟರಿನಲ್ಲಿ ಹೋಟೆಲಿಗೆ ಬಿಟ್ಟ.

ಮರುದಿನದಿಂದ ನಮ್ಮ ಅಡುಗೆಮನೆಯಲ್ಲಿ ಕೂಸಿನ ಬಾಟ್ಲಿ ಓವನ್ನಿಗೆ ಹೋಗಲಿಲ್ಲ. ಬಿಸಿನೀರಿನ ಬೋಗುಣಿಯಲ್ಲಿ ಬಾಟ್ಲಿ ನಿಲ್ಲಿಸಿ, ಕುಲುಕಿ, ಮಣಿಕಟ್ಟಿನ ಒಳಬದಿಗೆ ನಾಲ್ಕು ಹನಿ ಬಿಟ್ಟುಕೊಂಡು ನೋಡಿ, ತಾಯಿಯ ಕೈಯ ಮೇಲೂ ಬಿಡಿಸಿ, ಆಮೇಲೆ ಕೊಡುತ್ತಿದ್ದೆ. ತಡವಾಗುತ್ತದೆ ಎಂದು ಗೊಣಗಿದವರಿದ್ದಾರೆ. ಗೊಣಗಲಿ. ದೊಡ್ಡವರಿಗೆ ಏನು ಬಿಸಿ ಮಾಡಿದರೂ ನಡುವೆ ಒಮ್ಮೆ ತೆಗೆದು ಕದಡಿ, ಆದ ಮೇಲೆ ಒಂದು ನಿಮಿಷ ಒಳಗೇ ಬಿಟ್ಟು, ನೀರಾದರೆ ಮೊದಲೇ ಒಂದು ಮರದ ಚಮಚ ಅದರಲ್ಲಿ ಇಟ್ಟು, ಮುಖ ದೂರ ಹಿಡಿದು ತೆಗೆಯುವುದನ್ನು ದಮಯಂತಿಗೂ ಕಲಿಸಿದೆ. ಯಂತ್ರ ಬದಲಾದ ದಿನ ಮೊದಲು ಒಂದು ಕಪ್ಪು ನೀರಿಟ್ಟು ಎಷ್ಟು ಹೊತ್ತಿಗೆ ಕುದಿಯುತ್ತದೆ ಎಂದು ನೋಡಿ, ಆಮೇಲೇ ಊಟ ಇಡಿ ಎಂದು ಹೇಳಿಟ್ಟೆ. ಹಾಗೆ ಐದು ವರ್ಷ ಮಾಡಿದೆ. ಆ ಐದು ವರ್ಷದ ಬಾಟ್ಲಿಗಳನ್ನು ನೆನೆದರೂ ನನಗೆ ನಿದ್ದೆ ಬರುತ್ತದೆ.

ಅದಕ್ಕೆ ಹಿಂದಿನವು ಬೇರೆ. ಹಳೆಯ ಓವನ್ನಿನ ಬಿಸಿ ಕಡಿಮೆ, ಅದರಲ್ಲಿ ಯಾವ ಕೂಸಿಗೂ ಏನೂ ಆಗಿರಲಾರದು ಎಂದು ಮೇಡಂ ಹೇಳಿದರು. ಇರಬಹುದು. ಆದರೆ ಅರ್ಧ ಬಾಟ್ಲಿ ಹಾಲು ತಂದವರಿಗೂ ನಾನು ಮೂರನ್ನೇ ಒತ್ತಿದ್ದೇನೆ. ಕಾಲು ಬಾಟ್ಲಿ ತಂದವರಿಗೂ ಮೂರನ್ನೇ ಒತ್ತಿದ್ದೇನೆ. ಆ ವರ್ಷಗಳಲ್ಲಿ ದಿನಾ ಸಂಜೆ ದೇವರ ಮುಂದೆ ದೀಪ ಹಚ್ಚಿ, ನನ್ನ ಕೈಯಿಂದ ಯಾವ ಕೂಸಿಗೂ ನೋವಾಗಲಿಲ್ಲ ತಂದೆ, ಒಬ್ಬರೂ ತಿರುಗಿ ಬಂದು ದೂರು ಹೇಳಲಿಲ್ಲ ಎಂದು ಕೈ ಮುಗಿಯುತ್ತಿದ್ದೆ. ಅವರೆಲ್ಲ ಊರು ನೋಡಲು ಬಂದವರು. ಮುಂದಿನ ತಿರುವಿನಲ್ಲಿ ಅವರ ಕೂಸು ಅತ್ತಿದ್ದರೆ ಹಲ್ಲು ಎಂದುಕೊಂಡಿರುತ್ತಾರೆ. ಅವರು ತಿರುಗಿ ಬರುವವರೇ ಅಲ್ಲ.